ಕ್ಯಾಬಿನ್ನಿನ ನೆತ್ತಿಯ ಮೇಲೆ ಸಂಡಿಗೆ

ಖುಷಿ ಆದರೆ ನನಗೆ ಬರೆಯೋದಕ್ಕೆ ಬರೋದಿಲ್ಲ, ಹೇಳೋದಕ್ಕೆ ಬರುತ್ತದೆ. ಆದರೆ ಹೇಳಿ ಹೇಳಿ ನಮ್ಮ ಕುರುಗೋಡಿನಲ್ಲಿ ಇದನ್ನು ಕೇಳದವರು ಯಾರೂ ಉಳಿದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನವನು ನಾನು ಬರುವುದು ಕಂಡರೆ ಚಹಾ ಮುಂದಿಟ್ಟು ಒಲೆಯ ಕಡೆ ಮುಖ ಮಾಡಿಬಿಡುತ್ತಾನೆ. ಮೊನ್ನೆ ಒಬ್ಬ ಹೊಸಬ ಸಿಕ್ಕಿದ, ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದ. ಅವನಿಗೆ ಶುರು ಮಾಡಿದೆ. ಸಂಡಿಗೆಯ ತನಕ ಬರುವಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದ. ಅರ್ಧ ಕೇಳಿ ಹೋದವನು ಏನು ತಿಳಿದುಕೊಂಡನೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಬರೆಯೋಣ ಎಂದು ಕೂತೆ. ನಾಲ್ಕನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು. ಅಕ್ಷರ ಎಲ್ಲಾದರೂ ಸೊಟ್ಟಗೆ ಬಂದಿದ್ದರೆ, ಇಲ್ಲಿ ರಸ್ತೆ ಚಲೋ ಇಲ್ಲ, ಲಾರಿ ಕುಲುಕಿತು ಅಂದುಕೊಳ್ರಿ.

ನಾನು ಲಾರಿ ಡ್ರೈವರು. ಈಗಲ್ಲ, ಕಣ್ಣು ಚೆನ್ನಾಗಿದ್ದಾಗ. ಸಿರುಗುಪ್ಪದ ಕಡೆಯಿಂದ ಭತ್ತ, ಅಕ್ಕಿ ತುಂಬಿಕೊಂಡು ಬಳ್ಳಾರಿಗೆ ಬರುವುದು, ಖಾಲಿ ಮಾಡಿ ತಿರುಗಿ ಹೋಗುವುದು. ನನ್ನ ಜೀವನ ಆ ರಸ್ತೆಯ ಮೇಲೆಯೇ ಕಳೆಯಿತು ಅಂದರೂ ಸರಿಯೇ. ನನ್ನ ಮಗಳು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಮನೆ ಮಾಡಿಕೊಂಡಿದ್ದಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಸಾಲಿಗೆ ಸೂಟಿ ಬಂದಾಗಲೆಲ್ಲ ಅವರ ಹುಡುಗಿ, ನನ್ನ ಮೊಮ್ಮಗಳು, ನನ್ನ ಲಾರಿಯಲ್ಲಿ. ಎಡಗಡೆಯ ಸೀಟಿನಲ್ಲಿ ಒಂದು ತಲೆದಿಂಬು ಹಾಕಿ ಕೂರಿಸುತ್ತಿದ್ದೆ, ಇಲ್ಲದಿದ್ದರೆ ಆಕೆಗೆ ರಸ್ತೆ ಕಾಣುತ್ತಿರಲಿಲ್ಲ. ಕೈಯಲ್ಲಿ ಒಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ. ಬಾಯಲ್ಲಿ ಪ್ರಶ್ನೆ. ಆ ಎತ್ತು ಯಾರದು, ಈ ಕಾಲುವೆ ಎಲ್ಲಿಗೆ ಹೋಗುತ್ತದೆ, ಲಾರಿಗೆ ಹೊಟ್ಟೆ ಹಸಿಯುತ್ತದೇನು.

ಆಗಿನ ಲಾರಿಯಲ್ಲಿ ಬೆಲ್ಟು ಎಲ್ಲಿಂದ ಬರಬೇಕು. ಮುಂದೆ ಬೆಲ್ಟು ಬಂದಾಗಲೂ ನಾವು ಡ್ರೈವರುಗಳು ಅದರ ಮೇಲೆ ಟವೆಲ್ ಒಣಗಹಾಕಿದ್ದೇ ಹೆಚ್ಚು. ಹುಡುಗಿಗೆ ನನ್ನ ಎಡಗೈಯೇ ಬೆಲ್ಟು. ರಸ್ತೆಗೆ ಎಮ್ಮೆ ಅಡ್ಡ ಬಂತು, ಸೈಕಲ್ಲು ನುಗ್ಗಿತು ಅಂದರೆ ಕಾಲು ಬ್ರೇಕಿನ ಮೇಲೆ ಹೋಗುವುದಕ್ಕಿಂತ ಮೊದಲೇ ಎಡಗೈ ಸ್ಟೇರಿಂಗ್ ಬಿಟ್ಟು ಆಕೆಯ ಎದೆಗೆ ಅಡ್ಡ ಹೋಗಿ ನಿಂತಿರುತ್ತಿತ್ತು. ನಾನು ಹೇಳಿ ಕಳಿಸಿದ ಕೈ ಅಲ್ಲ ಅದು, ತಾನಾಗಿಯೇ ಹೋಗುತ್ತಿತ್ತು. ಹುಡುಗಿಗೆ ಏನೂ ಆಗುತ್ತಿರಲಿಲ್ಲ, ಮಂಡಕ್ಕಿ ಮಾತ್ರ ಕ್ಯಾಬಿನ್ ತುಂಬ ಚೆಲ್ಲುತ್ತಿತ್ತು. ಆಮೇಲೆ ಬಳ್ಳಾರಿ ಮುಟ್ಟುವ ತನಕ ಬೈಗುಳ. ಒಮ್ಮೆ ಕೊಳಗಲ್ಲಿನ ಹತ್ತಿರ ಕುರಿ ಅಡ್ಡ ಬಂದಾಗ ಪೊಟ್ಟಣವೇ ಕಿಟಕಿಯಿಂದ ಆಚೆ ಹೋಯಿತು. ಲಾರಿ ನಿಲ್ಲಿಸಿ ಇನ್ನೊಂದು ಕೊಡಿಸಬೇಕಾಯಿತು.

ಮುಂದೆ ಆಕೆ ಬಳ್ಳಾರಿಯಲ್ಲೇ ಇಂಜಿನಿಯರಿಂಗ್ ಓದಿದಳು. ಹೈದರಾಬಾದಿನ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ ಅಂತ ಕೇಳಿದರೆ, ಮದ್ದಿನ ಕೆಲಸ ಅಂದಳು. ನನ್ನ ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಇಂಜಿನಿಯರಿಂಗ್ ಓದಿ ಪಟಾಕಿ ಅಂಗಡಿಗೆ ಸೇರ್ಯಾಳ ಅಂತ ಓಣಿಯಲ್ಲಿ ಒಂದಿಬ್ಬರಿಗೆ ಹೇಳಿಯೂ ಬಂದಳು. ದೀಪಾವಳಿಗೆ ಪಕ್ಕದ ಮನೆಯವರು, ನಿಮ್ಮ ಮೊಮ್ಮಗಳು ಪಟಾಕಿ ಏನಾದರೂ ಕಳಿಸಿದಳೇನು ಎಂದು ಕೇಳಿಕೊಂಡು ಬಂದರು. ಆಮೇಲೆ ಹುಡುಗಿ ಊರಿಗೆ ಬಂದಾಗ ಕೂರಿಸಿಕೊಂಡು ತಿಳಿಸಿ ಹೇಳಿದಳು.

ರಾಕೆಟ್ ಮೇಲೆ ಹೋಗುತ್ತದಲ್ಲ, ಅದು ತುಂಡು ತುಂಡಾಗಿ ಕೂಡಿಸಿದ್ದಂತೆ. ಕೆಳಗಿನ ತುಂಡಿನ ಎಣ್ಣೆ ತೀರಿದ ಮೇಲೆ ಅದನ್ನು ಕಳಚಿ ಒಗೆಯಬೇಕು. ಕಳಚುವುದಕ್ಕೆ ಅಷ್ಟು ಮೇಲೆ ಪಾನಾ ಹಿಡಿದುಕೊಂಡು ನಿಂತವರು ಯಾರಿದ್ದಾರೆ. ಅದಕ್ಕೆ ನಟ್ಟಿನ ಹೊಟ್ಟೆಯಲ್ಲಿಯೇ ಒಂದು ಚಿಟಿಕೆ ಮದ್ದು ಇಟ್ಟಿರುತ್ತಾರೆ. ಕೂದಲಿಗಿಂತ ಸಣ್ಣ ತಂತಿ, ಅದಕ್ಕೆ ಕರೆಂಟು ಬಂದರೆ ಮದ್ದು ಹತ್ತಿಕೊಳ್ಳುತ್ತದೆ, ನಟ್ಟು ಒಡೆಯುತ್ತದೆ, ತುಂಡು ಬಿಡುತ್ತದೆ. ಮದ್ದು ಖಾಲಿಯಾದ ಒಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಅಂಗಿಯ ಗುಂಡಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಇಷ್ಟು ಸಣ್ಣದು ಅಷ್ಟು ದೊಡ್ಡದನ್ನು ಬಿಡಿಸುತ್ತದೇನು ಅಂದೆ. ಆಕೆ ನಕ್ಕಳು.

"ತಾತ, ಮ್ಯಾಲ ಹೋದರ ಇದು ಬಿಡಸ್ತೈತಿ. ನಾನು ಇದನ್ನ ನೆಲದ ಮ್ಯಾಗ ಹಿಡಿಯಾಕ ಹಚ್ಚಬೇಕಂತ ಮಾಡೀನಿ."

ಅಂದರೆ ಬೆಲ್ಟು. ದೊಡ್ಡ ಕಾರುಗಳಲ್ಲಿ ಇದು ಮೊದಲೇ ಇದೆಯಂತೆ. ಗಾಡಿ ಗುದ್ದಿದ ಕ್ಷಣ ಚಿಟಿಕೆ ಮದ್ದು ಹತ್ತಿ, ಅದರ ಗಾಳಿಯ ಒತ್ತಡಕ್ಕೆ ಬೆಲ್ಟಿನ ಸುರುಳಿ ಗಿರ್ರನೆ ತಿರುಗಿ, ಸಡಿಲ ಇದ್ದ ಬೆಲ್ಟನ್ನು ಮೈಗೆ ಎಳೆದು ಹಿಡಿಯುತ್ತದೆ. ಮೈ ಮುಂದಕ್ಕೆ ಮುಗ್ಗರಿಸುವುದಕ್ಕಿಂತ ಮೊದಲು. ಆದರೆ ನಮ್ಮ ಭತ್ತದ ಲಾರಿಗೆ ಅದನ್ನು ಯಾರು ಹಾಕುತ್ತಾರೆ. ರಾಕೆಟ್ಟಿಗೆಂದು ಮಾಡಿದ ಆ ಗುಂಡಿಯಂಥ ಡಬ್ಬಿಯನ್ನೇ ಸುಲಭ ಮಾಡಿ, ಲಾರಿಯ ಬೆಲ್ಟಿಗೆ ಕೂಡಿಸುವ ಒಂದು ಯುಕ್ತಿಯನ್ನು ನನ್ನ ಮೊಮ್ಮಗಳು ಕಂಡುಹಿಡಿದಿದ್ದಳು. ಮದ್ದಿಗೆ ಸೆಕೆ ತಾಗದಂತೆ, ಒಳಗೆ ಪಸೆ ಇಳಿಯದಂತೆ ಡಬ್ಬಿಯ ಬಾಯಿ ಮುಚ್ಚುವ ಬಗೆ ಅವಳದೇ. ಹೇಳುತ್ತ ಹೇಳುತ್ತ ತನ್ನ ಎಡಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದು ತೋರಿಸಿದಳು.

"ಬ್ರೇಕ್ ಹೊಡಿಯೂದಕ್ಕಿಂತ ಮದಲ ನಿನ್ನ ಕೈ ಬರ್ತಿತ್ತಲ್ಲ ತಾತ. ಅದನ್ನ ಮಾಡಾಕ ಹತ್ತೀನಿ."

ನಾನು ಎದ್ದು ಹಿತ್ತಲಿಗೆ ಹೋಗಿ ಕೋಳಿಗೆ ಕಾಳು ಹಾಕಿದೆ. ಅದಕ್ಕೆ ಬೆಳಿಗ್ಗೆಯೇ ಹಾಕಿಯಾಗಿತ್ತು.

ಆದರೆ ಅವಳ ಮೇಲಿನವರು ಒಪ್ಪಿರಲಿಲ್ಲ. ಅವರ ಮಾತೂ ಸುಳ್ಳಲ್ಲ. ಕಾರನ್ನು ನೆರಳಿಗೆ ನಿಲ್ಲಿಸುತ್ತಾರೆ, ಲಾರಿ ಲೋಡಿಗೆ ಕಾಯುತ್ತ ದಿನಗಟ್ಟಲೆ ಬಿಸಿಲಿನಲ್ಲಿ ಕುದಿಯುತ್ತದೆ. ಅಷ್ಟು ಕಾದ ಮೇಲೆ ಮದ್ದು ಸತ್ತುಹೋದರೆ, ಹತ್ತಬೇಕಾದಾಗ ಹತ್ತದೇ ಹೋದರೆ, ಡ್ರೈವರು ಬೆಲ್ಟನ್ನು ನಂಬಿ ಕೂತಿರುತ್ತಾನಲ್ಲ. ಕಾರ್ಖಾನೆಯ ಒಲೆಯಲ್ಲಿ ಕಾಯಿಸಿ ನೋಡಿದ್ದು ಸಾಲದು, ಒಂದು ಬೇಸಿಗೆ ನಿಜವಾದ ಲಾರಿಯ ಕ್ಯಾಬಿನ್ನಿನಲ್ಲಿ ಇಟ್ಟು ತಾ ಅಂದರು. ಇಷ್ಟು ಶಾಖ ಮುಟ್ಟಿರಬೇಕು ಎಂದು ಒಂದು ಗೆರೆ ಹಾಕಿಕೊಟ್ಟರು. ಈ ಬೇಸಿಗೆ ಆಗದಿದ್ದರೆ ಆ ಕೆಲಸವನ್ನು ಅಲ್ಲಿಗೇ ಮುಚ್ಚಿ ಬೇರೆಯದಕ್ಕೆ ಹಚ್ಚುತ್ತೇವೆ ಎಂದೂ ಹೇಳಿದರು.

ಕಾಯುವ ಊರು ಎಂದರೆ ನಮ್ಮ ಬಳ್ಳಾರಿ ಸೀಮೆಗಿಂತ ಬೇಕೇ. ಕ್ಯಾಬಿನ್ನು ಎಂದರೆ ನನ್ನ ಹಿತ್ತಲಲ್ಲಿ ಇತ್ತು.

ಅದರ ಕಥೆ ಹೇಳಬೇಕು. ನನ್ನ ಲಾರಿಯನ್ನು ಗುಜರಿಗೆ ಹಾಕಿದಾಗ ಕ್ಯಾಬಿನ್ನನ್ನು ಮಾತ್ರ ಕೊಡಲಿಲ್ಲ. ಮನೆಯ ಹಿಂದೆ ಕಲ್ಲುಗಳ ಮೇಲೆ ಇಳಿಸಿಕೊಂಡೆ. ಇಂಜಿನ್ನಿಲ್ಲ, ಗಾಲಿಯಿಲ್ಲ, ಸ್ಟೇರಿಂಗ್ ಇದೆ. ಬೆಳಿಗ್ಗೆ ಅದರಲ್ಲಿ ಕೂತು ಚಹಾ ಕುಡಿದರೇ ನನಗೆ ದಿನ ಶುರುವಾಗುವುದು. ಎಡಗಡೆಯ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ನನ್ನ ಹೆಂಡತಿ ದಿನಾ ಚಹಾ ಕೊಡುವಾಗ, ಇವತ್ತು ಎಲ್ಲಿಗ್ರೀ ಲೋಡು ಎಂದು ಕೇಳಿಯೇ ಕೊಡುತ್ತಿದ್ದಳು. ಸಿರುಗುಪ್ಪಕ್ಕೆ ಅಂದರೆ, ಬರ್ತಾ ಎರಡು ಸೇರು ಸೋನಾ ಮಸೂರಿ ತರ್ರಿ ಅನ್ನುತ್ತಿದ್ದಳು.

ಯುಗಾದಿ ಮುಗಿಯುತ್ತಿದ್ದಂತೆ ಮೊಮ್ಮಗಳು ಬಂದಳು. ಕಾಗದಪತ್ರ, ಪರವಾನಗಿ ಎಲ್ಲ ಮಾಡಿಸಿಕೊಂಡೇ ಬಂದಿದ್ದಳು. ಕೋಳಿಗಳನ್ನು ಎಬ್ಬಿಸಿದೆವು. ಒಡೆದ ಗಾಜು ಹೊಸದು ಹಾಕಿಸಿದೆವು. ಸೀಟಿನ ಹಿಂದೆ, ಬೆಲ್ಟು ಇರುವ ಜಾಗದಲ್ಲಿ ಒಂದು ದಪ್ಪ ಉಕ್ಕಿನ ಪೆಟ್ಟಿಗೆ ಬಿಗಿದಳು, ಅದರೊಳಗೆ ಅವಳ ಡಬ್ಬಿಗಳು. ಪಕ್ಕದಲ್ಲಿ ಶಾಖ ಅಳೆಯುವ ಒಂದು ಮಿಷಿನ್ನು. ಕ್ಯಾಬಿನ್ನಿನೊಳಗೆ ಎಷ್ಟು ಸೆಕೆ ಇದೆ ಎಂದು ಅದು ಹೈದರಾಬಾದಿನಲ್ಲಿ ಕೂತ ಅವಳ ಫೋನಿಗೆ ತಿಳಿಸುತ್ತದೆ. ನಮ್ಮ ಹಿತ್ತಲಿನ ಸುದ್ದಿ ಅಷ್ಟು ದೂರ ಹೋಗುತ್ತದೆ ಎಂದು ನನ್ನ ಹೆಂಡತಿ ಆವತ್ತಿನಿಂದ ಹಿತ್ತಲಲ್ಲಿ ನನ್ನನ್ನು ಬೈಯುವುದನ್ನು ಬಿಟ್ಟಳು, ಅಡುಗೆಮನೆಗೆ ಕರೆದು ಬೈಯುತ್ತಿದ್ದಳು.

ಹುಡುಗಿ ನಮಗೆ ಹೇಳಿ ಹೋದದ್ದು ಎರಡೇ ಮಾತು. ಬಾಗಿಲು ತೆಗೆಯಬೇಡಿರಿ, ನೆರಳು ಬೀಳಗೊಡಬೇಡಿರಿ. ನಾನು ಇದನ್ನು ಲೋಡಿಗಿಂತ ಹೆಚ್ಚು ಜೋಪಾನ ಮಾಡಿದೆ. ಬೇವಿನ ಕೊಂಬೆ ಒಂದು ಸ್ವಲ್ಪ ಆ ಕಡೆ ಬಾಗಿತ್ತು, ಕಡಿಸಿದೆ. ಮೊಟ್ಟೆ ಇಡಲು ಜಾಗ ಹುಡುಕಿಕೊಂಡು ಬಂದ ಕೋಳಿಗಳನ್ನು ದಿನವಿಡೀ ಓಡಿಸಿದೆ. ಚಹಾ ಕುಡಿಯುವುದಕ್ಕೆ ನನಗೇ ಜಾಗವಿಲ್ಲದಂತಾಯಿತು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕುಡಿದೆ.

ಸ್ವಲ್ಪ ದಿನ ಕಳೆದ ಮೇಲೆ ಫೋನು ಬಂತು. ಅಲ್ಲಿ ಮೋಡ ಆಗೈತೇನು ತಾತ ಅಂದಳು.

"ಮೋಡಾನ? ಇಲ್ಲಿ ಹದ್ದು ಸೈತ ನೆಳ್ಳು ಹುಡುಕ್ಯಾಡಾಕ ಹತ್ತೈತಿ."

ಮತ್ತೆ ಯಾಕೆ ಹೀಗೆ ಎಂದು ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ಶಾಖ ಏರುತ್ತ ಬರುತ್ತದೆ, ಇನ್ನೇನು ಗೆರೆ ಮುಟ್ಟಬೇಕು ಅನ್ನುವಾಗ ಇಳಿಯುತ್ತದೆ, ದಿನಾಲೂ ಹಾಗೇ. ನಡುಮಧ್ಯಾಹ್ನ ಬಳ್ಳಾರಿ ಸೀಮೆ ತಣ್ಣಗಾಗುತ್ತದೆ ಎಂದರೆ ಯಾರು ನಂಬಬೇಕು. ಮಿಷಿನ್ನು ಕೆಟ್ಟಿದೆ ಅಂತ ನಾನು ಅಂದೆ. ಇಲ್ಲ ಎಂದಳು. ಹಾಗಾದರೆ ನಾನೇ ಕಣ್ಣಿಟ್ಟು ನೋಡುತ್ತೇನೆ ಬಿಡು ಎಂದು ಧೈರ್ಯ ಹೇಳಿದೆ. ತಲೆಗೆ ಟವೆಲ್ ಸುತ್ತಿಕೊಂಡು ಕ್ಯಾಬಿನ್ನನ್ನೇ ನೋಡುತ್ತ ಕೂತೆ. ಬಂದವರಿಲ್ಲ, ಹೋದವರಿಲ್ಲ, ಬಾಗಿಲು ತೆಗೆದವರಿಲ್ಲ. ಎಲ್ಲ ಸರಿಯಾಗಿದೆ ಎಂದು ದಿನಾ ಸಂಜೆ ಫೋನಿನಲ್ಲಿ ಹೇಳಿದೆ. ಹುಡುಗಿಯ ಧ್ವನಿ ದಿನದಿಂದ ದಿನಕ್ಕೆ ಸಣ್ಣಗಾಯಿತು.

ಕಡೆಗೆ ಒಂದು ದಿನ ಹೇಳದೆ ಕೇಳದೆ ಬಂದುಬಿಟ್ಟಳು. ಮಧ್ಯಾಹ್ನದ ಹೊತ್ತು. ಹಿತ್ತಲ ಬಾಗಿಲಿಗೆ ಬಂದು ನಿಂತವಳು ಒಳಗೆ ಕಾಲಿಡಲಿಲ್ಲ. ಅವಳಿಗೆ ಕಂಡದ್ದು ಇಷ್ಟು: ಕ್ಯಾಬಿನ್ನಿಗೆ ಒಂದು ಏಣಿ ಒರಗಿಸಿದೆ. ಏಣಿಯ ಮೇಲೆ ಅವಳ ಅಜ್ಜಿ. ಕ್ಯಾಬಿನ್ನಿನ ನೆತ್ತಿಯ ತುಂಬ ನನ್ನ ಬಿಳಿಯ ಪಂಚೆ ಹಾಸಿದೆ, ಅದರ ಮೇಲೆ ಸಾಲುಸಾಲಾಗಿ ಅಕ್ಕಿ ಸಂಡಿಗೆ. ಅಜ್ಜಿ ಒಣಗಿದ ಪಂಚೆಗೆ ನೀರು ಚಿಮುಕಿಸಿ, ಸಂಡಿಗೆ ಬಿಡಿಸಿ, ಹೊಸ ಹಿಟ್ಟು ಇಡುತ್ತಿದ್ದಾಳೆ. ಕೆಳಗೆ ಏಣಿ ಅಲುಗಾಡದಂತೆ ಗಟ್ಟಿಯಾಗಿ ಹಿಡಿದುಕೊಂಡು ನಿಂತವನು ನಾನು.

ಕ್ಯಾಬಿನ್ನು ಹಿತ್ತಲಿಗೆ ಬಂದ ವರ್ಷದಿಂದ ಬೇಸಿಗೆಯ ಸಂಡಿಗೆ ಅದರ ನೆತ್ತಿಯ ಮೇಲೆಯೇ. ಕೋಳಿಗೆ ಎಟುಕುವುದಿಲ್ಲ, ನಾಯಿಗೆ ಎಟುಕುವುದಿಲ್ಲ. ಬೇಸಿಗೆ ಎಂದರೆ ಬಿಸಿಲು ಹೇಗೆ ಇರುತ್ತದೋ ಸಂಡಿಗೆಯೂ ಹಾಗೇ ಇರುತ್ತದೆ. ಅದನ್ನು ಒಬ್ಬರು ನೋಡಬೇಕು ಎಂದು ನಮಗೆ ಹೊಳೆದೇ ಇರಲಿಲ್ಲ. ನೆರಳು ಎಂದರೆ ಮರದ್ದು, ಮೋಡದ್ದು. ಪಂಚೆ ಯಾವಾಗಿನಿಂದ ನೆರಳಾಯಿತು.

"ಅಜ್ಜಿ, ಇದು ಯಾವಾಗಿಂದ?"

"ನೀ ಹೋದ ಮರುದಿನದಿಂದ. ಯಾಕವ್ವ, ಉಪ್ಪು ಜಾಸ್ತಿ ಆಗೈತೇನು?"

ಹುಡುಗಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ನಗುತ್ತಾಳೋ ಅಳುತ್ತಾಳೋ ನನಗೆ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಬಿಳಿಯ ಬಟ್ಟೆ ಬಿಸಿಲನ್ನು ತಿರುಗಿಸಿ ಕಳಿಸುತ್ತದೆ, ಒದ್ದೆ ಬಟ್ಟೆ ಮಡಕೆಯ ನೀರಿನಂತೆ ತಂಪು ಮಾಡುತ್ತದೆ, ಅದಕ್ಕೇ ಶಾಖ ಇಳಿದದ್ದು ಎಂದು ಸಣ್ಣ ಧ್ವನಿಯಲ್ಲಿ ಹೇಳಿದಳು. ಮಳೆ ಬರುವುದರೊಳಗೆ ಗೆರೆ ಮುಟ್ಟಿಸಬೇಕು, ಉಳಿದಿರುವ ಬಿಸಿಲು ಸ್ವಲ್ಪ. ಮುಟ್ಟದಿದ್ದರೆ ಲಾರಿ ಬೆಲ್ಟಿನ ಮಾತು ಮುಗಿದ ಹಾಗೆ, ಅವಳಿಗೆ ರಾಕೆಟ್ ನಟ್ಟಿನ ಕೆಲಸ ಇದ್ದೇ ಇದೆ.

ನನ್ನ ಹೆಂಡತಿ ಏಣಿಯಿಂದ ಇಳಿದಳು. ಪಂಚೆಯನ್ನು ಸಂಡಿಗೆ ಸಮೇತ ಮುದ್ದೆ ಮಾಡಿ ಒಳಗೆ ಒಯ್ದಳು. ಮಧ್ಯಾಹ್ನ ಎಲ್ಲರಿಗೂ ಊಟಕ್ಕೆ ಬಡಿಸಿ ತಾನು ತಟ್ಟೆ ಹಾಕಿಕೊಳ್ಳಲಿಲ್ಲ. ಹುಡುಗಿ ಹೋಗಿ ಪಕ್ಕದಲ್ಲಿ ಕೂತು, ಹಸಿ ಸಂಡಿಗೆಯ ಹಿಟ್ಟನ್ನೇ ಒಂದು ಬೆರಳು ತೆಗೆದು ನೆಕ್ಕಿ, ಉಪ್ಪು ಸರಿ ಐತಿ ಬಿಡು ಅಂದಳು. ಆಗ ಅಜ್ಜಿಗೆ ಬಾಯಿ ಬಂತು.

"ಆ ಗುಡ್ಡದ ಕೆಳಗಿನ ಬಂಡೆಗಲ್ಲಿನ ಮ್ಯಾಗ ಒಣಗಹಾಕಿದ್ದರ ಈ ಗೋಳು ಇರ್ತಿರಲಿಲ್ಲ. ಆದರ ಅಲ್ಲಿ ಸಂಡಿಗಿ ಒಣಗೂದಿಲ್ಲ, ಸೀದು ಹೋಗ್ತಾವ. ಹೋದ ಸರ್ತಿ ಮೆಣಸಿನಕಾಯಿ ಹಾಕಿದ್ದೆ, ಕರ್ರಗಾದವು."

ಹುಡುಗಿ ಬೆರಳು ಬಾಯಲ್ಲೇ ಇಟ್ಟುಕೊಂಡು ಅಜ್ಜಿಯ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಕುರುಗೋಡಿನಲ್ಲಿ ಬಂಡೆಗೆ ಬರವಿಲ್ಲ. ಆ ಕಲ್ಲು ಹಗಲೆಲ್ಲ ಕಾದು, ಹೊತ್ತು ಮುಳುಗಿದ ಮೇಲೂ ಹಂಚಿನಂತೆ ಇರುತ್ತದೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಬಂಡೆ. ಲಾರಿಗಳು ಕಾದ ಡಾಂಬರಿನ ಮೇಲೆಯೇ ನಿಲ್ಲುವುದು, ಇದೂ ಹಾಗೆಯೇ ಎಂದು ಅವಳು ತನ್ನ ಮೇಲಿನವರಿಗೆ ಅಲ್ಲಿಂದಲೇ ಫೋನು ಮಾಡಿ ಒಪ್ಪಿಸಿದಳು.

ಮರುದಿನ ಪಕ್ಕದ ಮನೆಯವನ ಟ್ರ್ಯಾಕ್ಟರ್ ಬಂತು. ಹುಡುಗಿ ಮೊದಲು ಉಕ್ಕಿನ ಪೆಟ್ಟಿಗೆಯನ್ನು ಬಿಚ್ಚಿ ಬೇರೆಯಾಗಿ ಜೋಪಾನ ಮಾಡಿದಳು. ಕ್ಯಾಬಿನ್ನನ್ನು ಟ್ರೇಲರಿಗೆ ಏರಿಸುವುದಕ್ಕೆ ಓಣಿಯವರೆಲ್ಲ ಬೇಕಾದರು. ಏರಿಸಿದ ಮೇಲೆ ನಾನು ಸ್ಟೇರಿಂಗ್ ಮುಂದೆ ಹತ್ತಿ ಕೂತೆ. ಇಳಿ ತಾತ ಅಂದರು, ಇಳಿಯಲಿಲ್ಲ. ನನ್ನ ಲಾರಿ ನಾನಿಲ್ಲದೆ ಎಲ್ಲಿಗೂ ಹೋದದ್ದಿಲ್ಲ. ಬಸ್‌ಸ್ಟ್ಯಾಂಡ್ ದಾಟುವಾಗ ಹೋಟೆಲಿನವನು ಹೊರಗೆ ಬಂದು, ಗಾಲಿ ಇಲ್ಲದ ಲಾರಿ ಎಲ್ಲಿಗೆ ಹೊಂಟೈತಿ ಎಂದು ಕೂಗಿದ. ರಾಕೆಟ್ಟಿಗೆ ಕೂಡಿಸಾಕ ಅಂದೆ. ಅವತ್ತಿನಿಂದ ಅವನು ನನಗೆ ರಾಕೆಟ್ ತಾತ ಅನ್ನುತ್ತಾನೆ, ನನಗೇನು ಬೇಸರವಿಲ್ಲ.

ಬಂಡೆಯ ಮೇಲೆ ಇಳಿಸಿ, ಪೆಟ್ಟಿಗೆ ತಿರುಗಿ ಬಿಗಿದದ್ದಾಯಿತು. ಲಾರಿಗಳಿಗೆ ನಾನಾ ಬಣ್ಣ, ಅದರಲ್ಲಿ ಕಪ್ಪು ಬಣ್ಣದ್ದು ಹೆಚ್ಚು ಕಾಯುತ್ತದೆ, ನೆತ್ತಿಗೆ ಕಪ್ಪು ಹಚ್ಚಿದರೆ ಒಳ್ಳೆಯದು ಎಂದು ಹುಡುಗಿ ಬಾಯಿ ತಪ್ಪಿ ಅಂದಳು. ಸಂಜೆ ಬಳ್ಳಾರಿಯಿಂದ ಬಣ್ಣ ತರಿಸೋಣ ಅನ್ನುವಷ್ಟರಲ್ಲಿ ನನ್ನ ಹೆಂಡತಿ ಮನೆಗೆ ಹೋಗಿ ಸ್ನಾನದ ಹಂಡೆಯ ತಳದ ಮಸಿಯನ್ನೆಲ್ಲ ಕೆರೆದು, ಎಣ್ಣೆಯಲ್ಲಿ ಕಲಸಿ, ಬೋಗುಣಿ ತುಂಬ ತಂದಿದ್ದಳು. ಎಷ್ಟೋ ವರ್ಷದ ಮಸಿ ಅದು. ಬಣ್ಣ ತರ್ತೀನಿ ತಡಿ ಅಜ್ಜಿ ಅಂದರೆ ಕೇಳಲಿಲ್ಲ. ಬಿಳೀದು ಹಾಸಿದಾಕಿ ನಾನು, ಕರೀದೂ ನಾನ ಹಚ್ತೀನಿ ಎಂದು ಏಣಿ ಹತ್ತಿದಳು. ಏಣಿ ಹಿಡಿಯುವ ಕೆಲಸ ಮತ್ತೆ ನನ್ನದೇ. ಕೆಳಗೆ ಇಳಿಯುವಾಗ ಆಕೆಯ ಮೂಗು, ಹಣೆ, ಸೆರಗು ಎಲ್ಲ ಕರ್ರಗೆ. ಆ ಕೈಯಲ್ಲೇ ಮೊಮ್ಮಗಳ ಕೆನ್ನೆ ಹಿಡಿದು ದೃಷ್ಟಿ ಬೊಟ್ಟು ಇಟ್ಟಳು. ಕೆನ್ನೆಯ ತುಂಬ ಇರುವ ಬೊಟ್ಟನ್ನು ನಾನು ಅವತ್ತೇ ನೋಡಿದ್ದು.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ. ಹುಡುಗಿ ರಜೆ ಹಾಕಿ ನಮ್ಮಲ್ಲೇ ಉಳಿದಳು. ಬಂಡೆಯಿಂದ ದೂರ ಒಂದು ಹುಣಸೆಮರದ ಕೆಳಗೆ ಚಾಪೆ ಹಾಸಿ ನಾವು ಮೂವರು. ಅವಳ ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಗೆರೆ ಏರುತ್ತಿದೆ. ಇಡೀ ಊರು ಮಳೆ ಬರಲಪ್ಪಾ ಅನ್ನುವಾಗ ನಾವು ಮೂವರು ಮಾತ್ರ ಇನ್ನಷ್ಟು ಕಾಯಲಿ ದೇವರೇ ಅನ್ನುತ್ತಿದ್ದೆವು. ಇದನ್ನು ಯಾರಿಗೂ ಕೇಳದಂತೆ ಅನ್ನುತ್ತಿದ್ದೆವು, ಕೇಳಿದ್ದರೆ ಕಲ್ಲು ಬೀಳುತ್ತಿದ್ದವು. ಅಜ್ಜಿ ಮಜ್ಜಿಗೆ ತುಂಬಿಕೊಡುವುದು, ಮುಗಿಲು ನೋಡುವುದು. ಒಂದು ಮಧ್ಯಾಹ್ನ ಹುಡುಗಿ ಫೋನನ್ನು ನನ್ನ ಕಣ್ಣ ಮುಂದೆ ಹಿಡಿದಳು. ಅವರು ಹಾಕಿಕೊಟ್ಟ ಗೆರೆಯನ್ನು ನಮ್ಮ ಕ್ಯಾಬಿನ್ನಿನ ಗೆರೆ ದಾಟಿ ಮೇಲೆ ಹೋಗಿತ್ತು. ಓದಲಿಕ್ಕೆ ನನಗೆ ಕನ್ನಡಕ ಬೇಕಾಗಲಿಲ್ಲ. ಮರುದಿನವೂ ದಾಟಿತು, ಅದರ ಮರುದಿನವೂ. ಬೇಕಾದಷ್ಟು ದಿನ ದಾಟಿದ ಮೇಲೆ ಸಾಕು ಎಂದು ಆಕೆ ಪೆಟ್ಟಿಗೆ ಬಿಚ್ಚಿಕೊಂಡಳು. ಅವಳನ್ನು ಬಳ್ಳಾರಿಯ ತನಕ ಬಿಟ್ಟು ಬರುವಾಗ ದಾರಿಯಲ್ಲಿ ದಪ್ಪ ದಪ್ಪ ಹನಿ ಬಿದ್ದವು. ನಾನು ಬಸ್ಸಿನ ಕಿಟಕಿಯಿಂದ ಕೈ ಚಾಚಿ, ಈಗ ಎಷ್ಟು ಬೇಕಾದರೂ ಬಾ ಅಂದೆ.

ಆದರೆ ಕಾದದ್ದು ಸಾಲದಲ್ಲ, ಹತ್ತಬೇಕಲ್ಲ. ಕಾರ್ಖಾನೆಯಲ್ಲಿ ಆ ಡಬ್ಬಿಗಳನ್ನು ಬೆಲ್ಟಿಗೆ ಕೂಡಿಸಿ ಒಂದೊಂದಾಗಿ ಸಿಡಿಸಿ ನೋಡುವವರಿದ್ದರು. ಹೊಸ ಡಬ್ಬಿ ಎಷ್ಟು ಎಳೆಯುತ್ತದೋ ನಮ್ಮ ಬಂಡೆಯ ಮೇಲೆ ಬೆಂದು ಬಂದದ್ದೂ ಅಷ್ಟೇ ಎಳೆಯಬೇಕು, ಅಷ್ಟೇ ಬೇಗ ಎಳೆಯಬೇಕು. ಒಂದು ತಪ್ಪಿದರೂ ಒಪ್ಪುವುದಿಲ್ಲ. ನಾನು ಆ ವಾರ ಫೋನನ್ನು ಅಂಗಿಯ ಜೇಬಿನಿಂದ ತೆಗೆಯಲಿಲ್ಲ. ಸ್ನಾನಕ್ಕೆ ಹೋದರೆ ಹೆಂಡತಿಯ ಕೈಗೆ ಕೊಟ್ಟು ಹೋಗುತ್ತಿದ್ದೆ. ಬಂದದ್ದೂ ಸ್ನಾನಕ್ಕೆ ಹೋದಾಗಲೇ. ಮೈಗೆ ಸೋಪು ಹಚ್ಚಿಕೊಂಡಿದ್ದೆ, ಆಕೆ ಬಚ್ಚಲ ಬಾಗಿಲಿನ ಸಂದಿಯಿಂದ ಫೋನು ತೂರಿಸಿದಳು.

"ತಾತ, ಎಲ್ಲಾವೂ ಎಳದವು."

ಇನ್ನೊಮ್ಮೆ ಹೇಳು ಅಂದೆ. ಹೇಳಿದಳು. ಅಜ್ಜಿಗೆ ಹೇಳು ಅಂದೆ. ಅವರಿಬ್ಬರೂ ಮಾತಾಡುವುದನ್ನು ಬಚ್ಚಲಲ್ಲಿ ನಿಂತು ಕೇಳಿದೆ. ಬಿಸಿನೀರು ಆರಿಹೋಯಿತು. ನನ್ನ ಹೆಂಡತಿ ಕೇಳಿದ ಮೊದಲ ಮಾತು, ಸಂಡಿಗೆಯ ವಿಷಯ ಅವರಿಗೆ ಹೇಳಲಿಲ್ಲ ಹೌದಿಲ್ಲೋ ಎಂದು. ಹೇಳಿದ್ದಳು. ಮೊದಲ ದಿನಗಳಲ್ಲಿ ಶಾಖ ಯಾಕೆ ಇಳಿದಿತ್ತು ಎಂದು ಅವರು ಕೇಳುವುದು ಕೇಳುವುದೇ, ಮುಚ್ಚಿಡುವ ಕೆಲಸ ಅಲ್ಲ ಇದು. ದೊಡ್ಡ ಸಾಹೇಬರು ಎಲ್ಲ ಗಂಭೀರವಾಗಿ ಕೇಳಿ, ಕಡೆಗೆ, ಅಕ್ಕಿ ಸಂಡಿಗೆಯೋ ಸಾಬೂದಾನಿಯದೋ ಅಂದರಂತೆ. ಮಾರನೆಯ ದಿನವೇ ಒಂದು ಡಬ್ಬಿ ಸಂಡಿಗೆ ಹೈದರಾಬಾದಿಗೆ ಹೊರಟಿತು. ಆ ಬೇಸಿಗೆಯ ಸಂಡಿಗೆ ರಾಕೆಟ್ ಮಾಡುವವರ ಹೊಟ್ಟೆಗೂ ಸೇರಿದೆ ಎಂದು ನನ್ನ ಹೆಂಡತಿ ಈಗ ಓಣಿಯಲ್ಲಿ ಹೇಳುತ್ತಾಳೆ. ಪಟಾಕಿ ಅಂಗಡಿಯ ಮಾತು ಯಾರಾದರೂ ಎತ್ತಿದರೆ, ಹಂಗಂತ ಯಾರು ಅಂದಿದ್ದರು ಅನ್ನುತ್ತಾಳೆ.

ಇದಾಗಿ, ಭತ್ತದ ಸುಗ್ಗಿಗೆ ಮೊಮ್ಮಗಳು ಮತ್ತೆ ಬಂದಳು. ಅವಳ ಬೆಲ್ಟನ್ನು ಕೆಲವು ಲಾರಿಗಳಿಗೆ ಹಾಕಿ ಓಡಿಸಿ ನೋಡುತ್ತಿದ್ದರು. ಅದರಲ್ಲಿ ಒಂದು ಸಿರುಗುಪ್ಪದ್ದು. ಬಾ ತಾತ ಎಂದು ಕರೆದುಕೊಂಡು ಹೋದಳು. ಕೆಂಚನಗುಡ್ಡದ ಹತ್ತಿರ, ಹೊಳೆಯ ದಂಡೆಯ ಗದ್ದೆಗಳಿಂದ ಬಂದ ಭತ್ತ ತುಂಬುತ್ತಿದ್ದರು. ಡ್ರೈವರು ನನ್ನ ಮಗಳ ವಯಸ್ಸಿನವನೂ ಅಲ್ಲ, ಅದಕ್ಕಿಂತ ಸಣ್ಣವನು. ಅವನು ಬಲಗಡೆ, ನಡುವೆ ಮೊಮ್ಮಗಳು, ಎಡಗಡೆಯ ಕಿಟಕಿಗೆ ನಾನು. ಮೂವರಿಗೂ ಬೆಲ್ಟು. ನನ್ನದನ್ನು ಆಕೆಯೇ ಹಾಕಿದಳು, ಟವೆಲ್ ಒಣಗಹಾಕಬೇಡ ಮತ್ತ ಎಂದು ಹೇಳಿ. ದಾರಿಗೆ ಒಂದು ಪೊಟ್ಟಣ ಒಗ್ಗರಣೆ ಮಂಡಕ್ಕಿ ಕಟ್ಟಿಸಿಕೊಂಡಿದ್ದಳು, ಮಿರ್ಚಿ ಬೇರೆ.

ನನ್ನ ರಸ್ತೆ ಅದು. ಎಲ್ಲಿ ತಗ್ಗು, ಎಲ್ಲಿ ತಿರುವು ಎಂದು ಡ್ರೈವರಿಗೆ ಹೇಳಹೋದೆ. ಈಗ ರಸ್ತಿ ಬದಲಾಗೈತಿ ತಾತ, ನೀವು ಆರಾಮ ಕುಂದರ್ರಿ ಅಂದ. ಸುಮ್ಮನೆ ಕೂತೆ. ಎಡಗಡೆಯಿಂದ ನೋಡಿದರೆ ಊರುಗಳೇ ಬೇರೆ ಥರ ಕಾಣುತ್ತವೆ. ಹುಡುಗಿ ಸಣ್ಣವಳಿದ್ದಾಗ ನೋಡಿದ್ದು ಈ ಕಡೆಯ ರಸ್ತೆ ಎಂದು ನನಗೆ ಆವಾಗ ತಿಳಿಯಿತು.

ಬಳ್ಳಾರಿ ಇನ್ನೂ ದೂರ ಇದ್ದಾಗ ಕುರಿಗಳು ಬಂದವು. ಒಂದು ಹಿಂಡು ದಾಟಿ ಆಗಿತ್ತು, ಹಿಂದೆ ಉಳಿದ ಒಂದು ಮರಿ ತಾಯಿಯ ಕಡೆ ಓಡಿತು. ಡ್ರೈವರು ಬ್ರೇಕು ಒತ್ತಿದ. ನನ್ನ ಜೀವಮಾನದಲ್ಲಿ ಎದ್ದದ್ದೆಲ್ಲ ಎಡಗೈ. ಅವತ್ತು ಹುಡುಗಿ ನನ್ನ ಬಲಕ್ಕೆ ಕೂತಿದ್ದಳು ನೋಡ್ರಿ, ಬಲಗೈ ಎದ್ದಿತು. ಯಾರು ಕಲಿಸಿದ್ದರು ಅದಕ್ಕೆ. ಎದ್ದು ಅವಳ ಎದೆಗೆ ಅಡ್ಡ ಹೋಗುವುದರೊಳಗೆ ಬೆಲ್ಟು ಟಪ್ಪೆಂದು ನನ್ನನ್ನು ಸೀಟಿಗೆ ಹಿಡಿದುಹಾಕಿತು. ಅವಳನ್ನು ಅವಳ ಬೆಲ್ಟು ಹಿಡಿದಿತ್ತು. ಲಾರಿ ನಿಂತಿತು, ಮರಿ ತಾಯಿಯ ಹತ್ತಿರ ಹೋಯಿತು. ನನ್ನ ಕೈ ಮಾತ್ರ ಅರ್ಧ ದಾರಿಯಲ್ಲಿ, ಗಾಳಿಯಲ್ಲಿ, ಕೆಲಸವಿಲ್ಲದೆ ಚಾಚಿಕೊಂಡೇ ಇತ್ತು.

ಮದ್ದು ಹತ್ತಿತೇನು ಎಂದು ಕೇಳಿದೆ. ಇಲ್ಲ, ಇದು ಬರೀ ಬ್ರೇಕಿಗೆ ಹಿಡಿದದ್ದು, ಗಾಡಿ ಗುದ್ದಿದರೆ ಮಾತ್ರ ಮದ್ದು ಹತ್ತುವುದು ಅಂದಳು.

"ಹಂಗಾರ ಜೀವಮಾನ ಪೂರ್ತಿ ಅದು ಹತ್ತದನೇ ಇರಬೌದು?"

"ಇರಬೌದು ತಾತ. ಹಂಗ ಇರಲಿ ಅಂತನ ಮಾಡೀನಿ."

ಇಷ್ಟು ಓದಿ, ಇಷ್ಟು ವರ್ಷ ಕಷ್ಟಪಟ್ಟು, ಹಿತ್ತಲು ಬಂಡೆ ಎಲ್ಲ ಕಾಯಿಸಿ ಮಾಡಿದ ವಸ್ತು. ಅದು ಒಂದು ದಿನವೂ ಕೆಲಸಕ್ಕೆ ಬಾರದಿರಲಿ ಎಂದು ಮಾಡಿದವಳೇ ಬಯಸುತ್ತಾಳೆ. ಇದನ್ನು ಹೋಟೆಲಿನವನಿಗೆ ಹೇಗೆ ತಿಳಿಸಿ ಹೇಳಲಿ. ಆ ಲಾರಿಯಲ್ಲಿ ಕೂತು ನಾನು ಮನಸ್ಸಿನಲ್ಲೇ ಆ ಗುಂಡಿಯಂಥ ಡಬ್ಬಿಗೆ ಆಶೀರ್ವಾದ ಮಾಡಿದೆ. ಸಿಡಿಯದೇ ಮುದುಕನಾಗಪ್ಪಾ, ನನ್ನ ಹಾಗೆ ಹಿತ್ತಲಿಗೆ ಬಂದು ಚಹಾ ಕುಡಿಯುತ್ತ ಕೂರು ಅಂದೆ.

ಹುಡುಗಿ ಪೊಟ್ಟಣ ಎತ್ತಿ ನೋಡಿದಳು. ಒಂದು ಕಾಳೂ ಚೆಲ್ಲಿರಲಿಲ್ಲ. ಬಿಚ್ಚಿ, ಇನ್ನೂ ಚಾಚಿಕೊಂಡೇ ಇದ್ದ ನನ್ನ ಬಲಗೈಯನ್ನು ಅಂಗಾತ ತಿರುಗಿಸಿ, ಅದರ ತುಂಬ ಮಂಡಕ್ಕಿ ಹಾಕಿದಳು.